ಅಣು ಪ್ರೋಟೀನಿಗೆ ಅಂಟಿಕೊಂಡಿತು, ಸರಿ; ಕಾಯಿಲೆ ವಾಸಿಯಾಯಿತೇ?

"ಅಡುಗೆಮನೆಯ ಈ ಪದಾರ್ಥದಲ್ಲಿರುವ ಅಂಶ ವೈರಸ್ಸಿನ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಕಟ್ಟಿಹಾಕುತ್ತದೆ. ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ. ಎಲ್ಲ ಗುಂಪುಗಳಿಗೂ ಕಳಿಸಿ."

ಈ ಧಾಟಿಯ ಸಂದೇಶ ನಿಮ್ಮ ಫೋನಿಗೂ ಬಂದಿರುತ್ತದೆ. ಕೊರೊನಾ ಕಾಲದಲ್ಲಂತೂ ದಿನಕ್ಕೊಂದು ಬರುತ್ತಿತ್ತು. ಈಗ ವೈರಸ್ಸಿನ ಜಾಗದಲ್ಲಿ ಕ್ಯಾನ್ಸರ್, ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್ ಬಂದು ಕೂತಿವೆ. ಸಂದೇಶದ ಜೊತೆಗೆ ಬಣ್ಣಬಣ್ಣದ ಚಿತ್ರವೊಂದು ಇರುತ್ತದೆ: ಸುರುಳಿ ಸುರುಳಿಯಾದ ಪ್ರೋಟೀನು, ಅದರ ಸಂದಿಯಲ್ಲಿ ಸಿಕ್ಕಿಕೊಂಡ ಪುಟ್ಟ ಅಣು.

ಇಂತಹ ಸಂದೇಶಗಳೆಲ್ಲ ಪೂರ್ತಿ ಕಟ್ಟುಕತೆಗಳೇ ಆಗಿರುವುದಿಲ್ಲ. ಕೆಲವದರ ಹಿಂದೆ ನಿಜವಾದ ಸಂಶೋಧನಾ ಲೇಖನವೂ ಇರುತ್ತದೆ. ತೊಂದರೆ ಇರುವುದು "ಅಂಟಿಕೊಳ್ಳುತ್ತದೆ" ಎಂಬ ಒಂದು ಪದದಲ್ಲಿ. ಆ ಪದದಿಂದ "ವಾಸಿಮಾಡುತ್ತದೆ" ಎಂಬ ಪದಕ್ಕೆ ಸಂದೇಶ ಒಂದೇ ನೆಗೆತಕ್ಕೆ ಹಾರಿಬಿಡುತ್ತದೆ. ನಡುವೆ ಎಷ್ಟು ದೂರವಿದೆ ಎಂದು ತಿಳಿಯಬೇಕಾದರೆ, ಅಣು ಅಂಟಿದೆ ಎಂದು ವಿಜ್ಞಾನಿಗಳು ಗುರುತಿಸುವುದಾದರೂ ಹೇಗೆ ಎಂದು ನೋಡಬೇಕು. ಅದಕ್ಕೆ ಇರುವ ಹಲವು ವಿಧಾನಗಳಲ್ಲಿ ಒಂದು ಫ್ಲೋರಿನ್ ಎನ್‌ಎಂಆರ್. ಹೆಸರು ಕೇಳಿ ಗಾಬರಿಯಾಗಬೇಡಿ. ಒಳಗಿನ ವಿಷಯ ಸರಳವಾಗಿದೆ.

ಅಂಟುವುದು ಎಂದರೇನು?

ನಮ್ಮ ದೇಹದ ಬಹುಪಾಲು ಕೆಲಸಗಳನ್ನು ಮಾಡುವುದು ಪ್ರೋಟೀನುಗಳು. ಊಟ ಜೀರ್ಣವಾಗುವುದು, ರಕ್ತದಲ್ಲಿ ಆಮ್ಲಜನಕ ಸಾಗುವುದು, ನರಗಳ ನಡುವೆ ಸುದ್ದಿ ಹೋಗುವುದು ಎಲ್ಲದರಲ್ಲೂ ಅವುಗಳ ಕೈವಾಡವಿದೆ. ಪ್ರತಿ ಪ್ರೋಟೀನಿಗೂ ತನ್ನದೇ ಆಕಾರ, ಅದರಲ್ಲಿ ತಗ್ಗು, ಸಂದಿ, ಗುಳಿಗಳು. ನಾವು ನುಂಗುವ ಅನೇಕ ಮಾತ್ರೆಗಳು ಕೆಲಸ ಮಾಡುವುದು ಇಂತಹ ಒಂದು ಗುಳಿಯಲ್ಲಿ ಹೋಗಿ ಕೂರುವ ಮೂಲಕ. ಉದಾಹರಣೆಗೆ, ಕೊಲೆಸ್ಟ್ರಾಲಿಗೆ ಕೊಡುವ ಅಟೋರ್ವಾಸ್ಟಾಟಿನ್ ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿಸುವ ಒಂದು ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸವನ್ನು ತಡೆಯುತ್ತದೆ.

ಇಲ್ಲಿ ಅಂಟುವುದೆಂದರೆ ಗೋಂದು ಹಚ್ಚಿದ ಹಾಗೆ ಅಲ್ಲ. ಹೆಚ್ಚಿನ ಔಷಧಗಳು ಬಂದು ಕೂರುತ್ತವೆ, ಎದ್ದು ಹೋಗುತ್ತವೆ, ಮತ್ತೆ ಬಂದು ಕೂರುತ್ತವೆ. ಕೆಲವು ಅಣುಗಳು ಕ್ಷಣದ ಸಣ್ಣ ಭಾಗದಲ್ಲೇ ಎದ್ದುಬಿಡುತ್ತವೆ, ಕೆಲವು ಗಂಟೆಗಟ್ಟಲೆ ಕೂತಿರುತ್ತವೆ. ಆದ್ದರಿಂದ "ಅಂಟುತ್ತದೆಯೇ?" ಎಂಬ ಪ್ರಶ್ನೆಯೊಂದೇ ಸಾಲದು. ಎಷ್ಟು ಬಿಗಿಯಾಗಿ? ಎಷ್ಟು ಹೊತ್ತು? ಎಲ್ಲಿ? ಅಂಟಿದ ಮೇಲೆ ಪ್ರೋಟೀನಿಗೆ ಏನಾಗುತ್ತದೆ? ಇವನ್ನೂ ಕೇಳಬೇಕು.

ಸಾಕಷ್ಟು ಒತ್ತಿದರೆ ಬಹಳಷ್ಟು ಅಣುಗಳು ಯಾವುದಾದರೂ ಪ್ರೋಟೀನಿಗೆ ಸ್ವಲ್ಪವಾದರೂ ಅಂಟುತ್ತವೆ. ಕಂಪ್ಯೂಟರಿನಲ್ಲಿ ಅಣುವನ್ನೂ ಪ್ರೋಟೀನನ್ನೂ ಜೋಡಿಸಿ ನೋಡುವ ತಂತ್ರಾಂಶಗಳಿವೆ. ಅವು ಯಾವ ಅಣುವನ್ನು ಕೊಟ್ಟರೂ ಒಂದು ಚಿತ್ರವನ್ನೂ ಒಂದು ಅಂಕವನ್ನೂ ಕೊಡುತ್ತವೆ. ಫಾರ್ವರ್ಡುಗಳಲ್ಲಿ ಬರುವ ಬಣ್ಣದ ಚಿತ್ರಗಳಲ್ಲಿ ಬಹಳಷ್ಟು ಈ ಬಗೆಯವು. ಅದೊಂದು ಊಹೆ. ಊಹೆ ಸರಿಯೇ ಎಂದು ಪ್ರಯೋಗಶಾಲೆಯಲ್ಲಿ ನಿಜವಾದ ಅಣುವನ್ನೂ ನಿಜವಾದ ಪ್ರೋಟೀನನ್ನೂ ಒಂದೇ ನಳಿಕೆಯಲ್ಲಿ ಹಾಕಿ ನೋಡಬೇಕು. ಎನ್‌ಎಂಆರ್ ಕೆಲಸಕ್ಕೆ ಬರುವುದು ಅಲ್ಲಿ.

ಎನ್‌ಎಂಆರ್ ಎಂದರೆ ಏನು? ಅದು ಅಪಾಯಕಾರಿಯೇ?

ಎನ್‌ಎಂಆರ್ ಎಂದರೆ ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್. "ನ್ಯೂಕ್ಲಿಯರ್" ಎಂದ ತಕ್ಷಣ ಅಣುಬಾಂಬು ನೆನಪಾಗುವುದು ಸಹಜ. ಆಸ್ಪತ್ರೆಯ ಎಂಆರ್‌ಐ ಸ್ಕ್ಯಾನ್ ಕೂಡ ಇದೇ ತತ್ತ್ವದ ಮೇಲೆ ನಡೆಯುತ್ತದೆ. ಜನ ಹೆದರಬಾರದೆಂದು ಅಲ್ಲಿ ಆ ಪದವನ್ನು ಬಿಟ್ಟಿದ್ದಾರೆ, ಅಷ್ಟೇ. ಎರಡರಲ್ಲೂ ಎಕ್ಸ್-ರೇ ಇಲ್ಲ, ವಿಕಿರಣಶೀಲ ವಸ್ತುವೂ ಬೇಕಿಲ್ಲ. ಇರುವುದು ಬಲವಾದ ಅಯಸ್ಕಾಂತ ಮತ್ತು ರೇಡಿಯೋ ತರಂಗ.

ಕೆಲವು ಪರಮಾಣುಗಳ ನಡುವಿನ ಬೀಜಕೇಂದ್ರ ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಬಲವಾದ ಕಾಂತಕ್ಷೇತ್ರದಲ್ಲಿ ಇಟ್ಟು ರೇಡಿಯೋ ತರಂಗದಿಂದ ತಟ್ಟಿದರೆ, ಗಂಟೆ ಹೊಡೆದಾಗ ನಾದ ಹೊಮ್ಮುವಂತೆ, ಅದು ತನ್ನದೇ ಕಂಪನಾಂಕದಲ್ಲಿ ಸಂಕೇತ ಹೊರಡಿಸುತ್ತದೆ. ಆ ಪರಮಾಣುವಿನ ಸುತ್ತಮುತ್ತ ಏನಿದೆ ಎಂಬುದನ್ನು ಅನುಸರಿಸಿ ಆ ನಾದ ತುಸು ಏರುತ್ತದೆ ಅಥವಾ ಇಳಿಯುತ್ತದೆ. ಹಾಗಾಗಿ ನಾದ ಕೇಳಿ ನೆರೆಹೊರೆಯನ್ನು ಊಹಿಸಬಹುದು.

ಈ ಸಂಗತಿಯನ್ನು 1946ರಲ್ಲಿ ಅಮೆರಿಕದಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಅವರ ತಂಡಗಳು ಬೇರೆಬೇರೆಯಾಗಿ ಕಂಡುಕೊಂಡವು. 1952ರಲ್ಲಿ ಇಬ್ಬರಿಗೂ ಭೌತವಿಜ್ಞಾನದ ನೊಬೆಲ್ ಬಂತು. ಫ್ಲೋರಿನ್ ಪರಮಾಣುವಿನ ನಾದ ಅದು ಯಾವ ರಾಸಾಯನಿಕದಲ್ಲಿದೆ ಎಂಬುದರ ಮೇಲೆ ಬದಲಾಗುತ್ತದೆ ಎಂಬುದು 1950ರಷ್ಟು ಹಿಂದೆಯೇ ತಿಳಿದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂದು ಎನ್‌ಎಂಆರ್‌ಗಾಗಿಯೇ ಒಂದು ಸಂಶೋಧನಾ ಕೇಂದ್ರವಿದೆ.

ಆಸ್ಪತ್ರೆಯ ಎಂಆರ್‌ಐ ಅಯಸ್ಕಾಂತದ ಬಲ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ. ಪ್ರೋಟೀನ್ ಅಧ್ಯಯನಕ್ಕೆ ಬಳಸುವ ಒಂದು ಸಾಧಾರಣ ಎನ್‌ಎಂಆರ್ ಯಂತ್ರದ್ದು 14 ಟೆಸ್ಲಾ. ಅದರೊಳಗೆ ಇಳಿಸುವುದು ಬರೀ 5 ಮಿಲಿಮೀಟರ್ ದಪ್ಪದ ಗಾಜಿನ ನಳಿಕೆ, ಅದರಲ್ಲಿ ಸುಮಾರು ಅರ್ಧ ಮಿಲಿಲೀಟರ್ ದ್ರವ.

ಫ್ಲೋರಿನ್ನೇ ಯಾಕೆ?

ಹೆಚ್ಚಾಗಿ ಎನ್‌ಎಂಆರ್‌ನಲ್ಲಿ ಕೇಳುವುದು ಜಲಜನಕದ ನಾದವನ್ನು. ಆದರೆ ಒಂದು ಪ್ರೋಟೀನಿನಲ್ಲಿ ಸಾವಿರಾರು ಜಲಜನಕ ಪರಮಾಣುಗಳಿರುತ್ತವೆ. ಅದು ತೇಲುವ ನೀರಿನಲ್ಲಂತೂ ಲೆಕ್ಕವೇ ಇಲ್ಲ. ಎಲ್ಲವೂ ಒಟ್ಟಿಗೆ ಸದ್ದು ಮಾಡಿದರೆ ಅದು ಸಂತೆಯ ಗದ್ದಲ. ಆ ಗದ್ದಲದಲ್ಲಿ ಒಂದು ಪುಟ್ಟ ಅಣುವಿನ ದನಿಯನ್ನು ಹೆಕ್ಕುವುದು ಕಷ್ಟ.

ಫ್ಲೋರಿನ್ನಿನ ಅನುಕೂಲ ಇರುವುದು ಇಲ್ಲಿಯೇ. ನಮ್ಮ ಪ್ರೋಟೀನುಗಳಲ್ಲಿ ಸಹಜವಾಗಿ ಫ್ಲೋರಿನ್ ಇರುವುದಿಲ್ಲ. ಹಲ್ಲು, ಮೂಳೆಗಳಲ್ಲಿ ಸೇರಿಕೊಳ್ಳುವ ಫ್ಲೋರೈಡ್ ಬೇರೆ ಮಾತು. ಹಾಗಾಗಿ ಪ್ರೋಟೀನಿರುವ ನಳಿಕೆಗೆ ಫ್ಲೋರಿನ್ ಇರುವ ಅಣುವನ್ನು ಹಾಕಿದರೆ ಕೇಳಿಸುವುದು ಆ ಅಣುವಿನ ದನಿ ಮಾತ್ರ. ಕಾಡಿಗೆ ಮೇಯಲು ಬಿಟ್ಟ ಹಸುವಿನ ಕೊರಳಿಗೆ ಗಂಟೆ ಕಟ್ಟುತ್ತಾರಲ್ಲ, ಹಾಗೆ. ಹಸು ಕಣ್ಣಿಗೆ ಬೀಳದಿದ್ದರೂ ಎಲ್ಲಿದೆ, ಓಡಾಡುತ್ತಿದೆಯೋ ನಿಂತಿದೆಯೋ ಎಂದು ಸದ್ದಿನಿಂದಲೇ ತಿಳಿಯುತ್ತದೆ.

ಇನ್ನೂ ಕೆಲವು ಅನುಕೂಲಗಳಿವೆ. ಪ್ರಕೃತಿಯಲ್ಲಿ ಸಿಗುವ ಫ್ಲೋರಿನ್ ಎಲ್ಲವೂ ಒಂದೇ ಬಗೆಯದು, ಫ್ಲೋರಿನ್-19. ಅದು ವಿಕಿರಣಶೀಲವಲ್ಲ, ಮತ್ತು ಇಡಿಯಾಗಿ ಎನ್‌ಎಂಆರ್‌ಗೆ ಒಗ್ಗುತ್ತದೆ. (ಪೆಟ್ ಸ್ಕ್ಯಾನಿನಲ್ಲಿ ಬಳಸುವ ಫ್ಲೋರಿನ್-18 ಬೇರೆ. ಅದನ್ನು ಯಂತ್ರದಲ್ಲಿ ತಯಾರಿಸುತ್ತಾರೆ, ಅದು ವಿಕಿರಣಶೀಲ, ಸುಮಾರು 110 ನಿಮಿಷಕ್ಕೆ ಅರ್ಧದಷ್ಟು ಕರಗಿಹೋಗುತ್ತದೆ.) ಫ್ಲೋರಿನ್ನಿನ ಸಂಕೇತ ಹೆಚ್ಚುಕಡಿಮೆ ಜಲಜನಕದಷ್ಟೇ ಗಟ್ಟಿ. ಸುತ್ತಲಿನ ಸಣ್ಣ ಬದಲಾವಣೆಗೂ ಅದರ ನಾದ ಎದ್ದುಕಾಣುವಷ್ಟು ಸರಿಯುತ್ತದೆ. ಹಾಗಾಗಿ ಹತ್ತಿಪ್ಪತ್ತು ಬೇರೆಬೇರೆ ಅಣುಗಳನ್ನು ಒಂದೇ ನಳಿಕೆಗೆ ಹಾಕಿದರೂ ಪ್ರತಿಯೊಂದರ ದನಿಯನ್ನೂ ಬಿಡಿಯಾಗಿ ಗುರುತಿಸಬಹುದು.

ಅಂಟಿದ್ದು ತಿಳಿಯುವುದು ಹೇಗೆ?

ದೇವಸ್ಥಾನದ ಗಂಟೆಯನ್ನು ಹೊಡೆದು ಬಿಟ್ಟರೆ ನಾದ ಬಹಳ ಹೊತ್ತು ಉಳಿಯುತ್ತದೆ. ಹೊಡೆದ ಕೂಡಲೇ ಕೈಯಲ್ಲಿ ಹಿಡಿದುಕೊಂಡರೆ? "ಟಣ್" ಎಂದದ್ದು "ಟಕ್" ಎಂದು ಮುಗಿಯುತ್ತದೆ. ಫ್ಲೋರಿನ್ ಎನ್‌ಎಂಆರ್‌ನಲ್ಲಿ ಆಗುವುದೂ ಹೆಚ್ಚುಕಡಿಮೆ ಹೀಗೆಯೇ.

ನೀರಿನಲ್ಲಿ ಬಿಡಿಯಾಗಿರುವ ಪುಟ್ಟ ಅಣು ಬುಗುರಿಯಂತೆ ಎಲ್ಲ ದಿಕ್ಕಿಗೂ ಉರುಳುತ್ತಿರುತ್ತದೆ. ಒಂದು ಉರುಳಿಗೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗಕ್ಕಿಂತಲೂ ಕಡಿಮೆ ಸಮಯ ಸಾಕು. ಆಗ ಅದರ ಫ್ಲೋರಿನ್ ನಾದ ಬಹಳ ಹೊತ್ತು ಉಳಿಯುತ್ತದೆ. ಪರದೆಯ ಮೇಲೆ ಅದು ಸೂಜಿಯಂತೆ ತೆಳ್ಳಗಿನ ಗೆರೆ. ಅದೇ ಅಣು ದೊಡ್ಡ ಪ್ರೋಟೀನಿಗೆ ಅಂಟಿಕೊಂಡರೆ ಪ್ರೋಟೀನಿನ ನಿಧಾನಗತಿಯಲ್ಲೇ ಉರುಳಬೇಕಾಗುತ್ತದೆ, ಸುಮಾರು ನೂರು ಪಟ್ಟು ನಿಧಾನ. ಆಗ ನಾದ ಬೇಗ ಆರಿಹೋಗುತ್ತದೆ. ಪರದೆಯ ಮೇಲಿನ ಗೆರೆ ಅಗಲವಾಗಿ ತಗ್ಗುತ್ತದೆ. ಕೆಲವೊಮ್ಮೆ ಕಾಣದಂತೆಯೇ ಆಗುತ್ತದೆ.

ಹಾಗಾಗಿ ಪ್ರಯೋಗದ ಮೊದಲ ಹೆಜ್ಜೆ ಸುಲಭ. ಪ್ರೋಟೀನಿಲ್ಲದೆ ಒಮ್ಮೆ ಕೇಳು, ಪ್ರೋಟೀನ್ ಹಾಕಿ ಇನ್ನೊಮ್ಮೆ ಕೇಳು. ಯಾವ ಅಣುವಿನ ಗೆರೆ ಕುಗ್ಗಿತೋ ಅದು ಅಂಟಿಕೊಂಡಿರುವ ಸಾಧ್ಯತೆ ಇದೆ. ಉಳಿದವು ಹಾಗೆಯೇ ಇದ್ದರೆ ಅವು ಅಂಟಿಲ್ಲ. ಬರೀ ಕ್ಷಣಮಾತ್ರ ಅಂಟಿ ಬಿಡುವ ದುರ್ಬಲ ಅಣುಗಳೂ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ. ಅದು ಈ ವಿಧಾನದ ಬಲ. ಅದೇ ಎಚ್ಚರ ವಹಿಸಬೇಕಾದ ಜಾಗ ಕೂಡ.

ಫ್ಲೋರಿನ್ ಇಲ್ಲದ ಅಣುವನ್ನು ಪರೀಕ್ಷಿಸುವುದು ಹೇಗೆ?

ಶುಂಠಿ, ಬೇವು, ಅರಿಶಿನದ ಅಣುಗಳಲ್ಲಿ ಫ್ಲೋರಿನ್ ಇಲ್ಲವಲ್ಲ, ಅವನ್ನು ಹೇಗೆ ನೋಡುವುದು ಎಂದು ನೀವು ಕೇಳಬಹುದು. ಅದಕ್ಕೊಂದು ಜಾಣ ಉಪಾಯವಿದೆ. 2003ರ ಸುಮಾರಿಗೆ ಕ್ಲಾಡಿಯೊ ದಾಲ್ವಿತ್ ಮತ್ತು ಸಂಗಡಿಗರು ಇದನ್ನು ಔಷಧ ಹುಡುಕಾಟಕ್ಕೆ ತಕ್ಕಂತೆ ರೂಪಿಸಿದರು.

ಮೊದಲು, ಪ್ರೋಟೀನಿನ ಗುಳಿಯಲ್ಲಿ ಸಡಿಲವಾಗಿ ಕೂರುತ್ತದೆ ಎಂದು ಮೊದಲೇ ಗೊತ್ತಿರುವ, ಫ್ಲೋರಿನ್ ಇರುವ ಒಂದು ಅಣುವನ್ನು ಹಾಕುತ್ತಾರೆ. ಇದು ಗೂಢಚಾರ. ಕೂತಿರುವುದರಿಂದ ಅದರ ಗೆರೆ ಮಂಕಾಗಿರುತ್ತದೆ. ಆಮೇಲೆ ಪರೀಕ್ಷಿಸಬೇಕಾದ ಅಣುವನ್ನು ಹಾಕುತ್ತಾರೆ. ಅದು ಅದೇ ಗುಳಿಯಲ್ಲಿ ಗಟ್ಟಿಯಾಗಿ ಕೂರುವಂಥದ್ದಾದರೆ ಗೂಢಚಾರನನ್ನು ಎಬ್ಬಿಸಿ ಹೊರಗೆ ಕಳಿಸುತ್ತದೆ. ಹೊರಬಂದ ಗೂಢಚಾರ ಮತ್ತೆ ಬುಗುರಿಯಂತೆ ಉರುಳತೊಡಗುತ್ತಾನೆ, ಅವನ ಗೆರೆ ಮತ್ತೆ ಸೂಜಿಯಾಗುತ್ತದೆ. ಗೆರೆ ಎಷ್ಟು ಚೇತರಿಸಿತು ಎಂಬುದರಿಂದ ಹೊಸ ಅಣು ಎಷ್ಟು ಬಿಗಿಯಾಗಿ ಕೂತಿದೆ ಎಂದು ಅಂದಾಜು ಮಾಡಬಹುದು.

ಇಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ: ಅಂಟಿತೇ, ಮತ್ತು ಸರಿಯಾದ ಜಾಗದಲ್ಲಿ ಅಂಟಿತೇ. ಪ್ರೋಟೀನಿನ ಬೆನ್ನಿಗೆಲ್ಲೋ ಅಂಟಿಕೊಂಡ ಅಣು ಗೂಢಚಾರನನ್ನು ಸಾಮಾನ್ಯವಾಗಿ ಕದಲಿಸುವುದಿಲ್ಲ.

ಗಂಟೆಯನ್ನು ಪ್ರೋಟೀನಿಗೇ ಕಟ್ಟಿದರೆ?

ಇನ್ನೊಂದು ದಾರಿಯೂ ಇದೆ. ಫ್ಲೋರಿನ್ ಸೇರಿಸಿದ ಅಮೈನೋ ಆಮ್ಲವನ್ನು ಬ್ಯಾಕ್ಟೀರಿಯಾಗಳಿಗೆ ಉಣಿಸಿದರೆ ಅವು ತಯಾರಿಸುವ ಪ್ರೋಟೀನಿನಲ್ಲೇ ಫ್ಲೋರಿನ್ ಸೇರಿಕೊಳ್ಳುತ್ತದೆ. ಅಥವಾ ತಯಾರಾದ ಪ್ರೋಟೀನಿನ ಆಯ್ದ ಜಾಗಕ್ಕೆ ಫ್ಲೋರಿನ್ ಗುಂಪೊಂದನ್ನು ಅಂಟಿಸಬಹುದು. ಹೀಗೆ ಮಾಡಿದಾಗ ಪ್ರೋಟೀನಿನ ಸಹಜ ಕೆಲಸ ಕೆಟ್ಟಿಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಔಷಧ ಬಂದು ಕೂತಾಗ ಪ್ರೋಟೀನಿನ ಯಾವ ಭಾಗ ಕದಲಿತು ಎಂದು ಕೇಳಿಸಿಕೊಳ್ಳಬಹುದು.

2012ರಲ್ಲಿ ಹೀಗೊಂದು ಅಧ್ಯಯನ ಪ್ರಕಟವಾಯಿತು. ಅದನ್ನು ಮಾಡಿದವರಲ್ಲಿ ಕುರ್ಟ್ ವ್ಯೂಥ್ರಿಚ್ ಒಬ್ಬರು. ಪ್ರೋಟೀನುಗಳ ಆಕಾರವನ್ನು ಎನ್‌ಎಂಆರ್‌ನಿಂದ ತಿಳಿಯುವ ವಿಧಾನಕ್ಕಾಗಿ ಅವರಿಗೆ 2002ರಲ್ಲಿ ರಸಾಯನವಿಜ್ಞಾನದ ನೊಬೆಲ್ ಬಂದಿತ್ತು. ಅವರು ನೋಡಿದ್ದು ಬೀಟಾ-2 ಅಡ್ರಿನರ್ಜಿಕ್ ಗ್ರಾಹಕ ಎಂಬ ಪ್ರೋಟೀನನ್ನು. ಉಬ್ಬಸದ ಇನ್‌ಹೇಲರಿನಲ್ಲಿರುವ ಸಾಲ್ಬುಟಮಾಲ್ ಶ್ವಾಸಕೋಶದಲ್ಲಿ ಹೋಗಿ ಕೂರುವುದು ಇದೇ ಪ್ರೋಟೀನಿನ ಗುಳಿಯಲ್ಲಿ.

ಈ ಪ್ರೋಟೀನು ಒಂದೇ ಭಂಗಿಯಲ್ಲಿ ಇರುವುದಿಲ್ಲ, ಕೆಲವು ಭಂಗಿಗಳ ನಡುವೆ ಓಲಾಡುತ್ತಿರುತ್ತದೆ ಎಂದು ಫ್ಲೋರಿನ್ ಸಂಕೇತ ತೋರಿಸಿತು. ಒಂದು ಬಗೆಯ ಔಷಧ ಪ್ರೋಟೀನಿನ ಒಂದು ಸುರುಳಿಯನ್ನು ಕದಲಿಸಿತು, ಇನ್ನೊಂದು ಬಗೆಯದು ಬೇರೆ ಸುರುಳಿಯನ್ನು ಹೆಚ್ಚು ಕದಲಿಸಿತು. ಎಲ್ಲವೂ ಅಂಟಿದ್ದು ಅದೇ ಗುಳಿಯಲ್ಲಿ. ಆದರೆ ದೇಹದೊಳಗೆ ಅವುಗಳಿಂದ ಹೋಗುವ ಸುದ್ದಿ ಬೇರೆ. ಒಂದೇ ಗ್ರಾಹಕಕ್ಕೆ ಅಂಟುವ ಒಂದು ಔಷಧ ಉಸಿರುನಾಳವನ್ನು ಹಿಗ್ಗಿಸಬಹುದು, ಇನ್ನೊಂದು ಅದೇ ಕೆಲಸವನ್ನು ತಡೆಯಬಹುದು. ಉಬ್ಬಸವಿರುವವರಿಗೆ ಕೆಲವು ಬಿಪಿ ಮಾತ್ರೆಗಳನ್ನು ವೈದ್ಯರು ಯೋಚಿಸಿ ಕೊಡುವುದು ಇದೇ ಕಾರಣಕ್ಕೆ. "ಅಂಟುತ್ತದೆ" ಎಂದಷ್ಟೇ ಹೇಳಿದರೆ ಒಳ್ಳೆಯದೋ ಕೆಟ್ಟದ್ದೋ ಎಂಬುದೇ ತಿಳಿಯುವುದಿಲ್ಲ.

ಅರಿಶಿನ ಎಲ್ಲದಕ್ಕೂ ಅಂಟುತ್ತದೆ, ಅದೇ ತೊಂದರೆ

ಇಷ್ಟೆಲ್ಲ ಇದ್ದರೂ ಪರೀಕ್ಷೆಗಳು ಮೋಸಹೋಗುತ್ತವೆ. ಕೆಲವು ಅಣುಗಳು ನೀರಿನಲ್ಲಿ ಸರಿಯಾಗಿ ಕರಗದೆ ಗುಂಪುಗಟ್ಟುತ್ತವೆ. ಆ ಗುಂಪಿಗೆ ಪ್ರೋಟೀನುಗಳೇ ಹೋಗಿ ಮೆತ್ತಿಕೊಳ್ಳುತ್ತವೆ. ಹೊರಗಿನಿಂದ ನೋಡಿದರೆ ಅಣು ಪ್ರೋಟೀನನ್ನು ತಡೆದಂತೆ ಕಾಣುತ್ತದೆ. ಇದನ್ನು ಬಯಲಿಗೆಳೆಯಲು ಒಂದು ಸರಳ ಪರೀಕ್ಷೆಯಿದೆ: ನಳಿಕೆಗೆ ಸೋಪಿನ ಜಾತಿಯ ದ್ರವವನ್ನು ಒಂದು ಚೂರು ಹಾಕುವುದು. ಗುಂಪು ಒಡೆದು "ಔಷಧಿ ಗುಣ" ಮಾಯವಾದರೆ ಅದು ನಿಜವಾದ ಅಂಟುವಿಕೆ ಆಗಿರಲಿಲ್ಲ ಎಂದರ್ಥ.

ನಮಗೆಲ್ಲ ಗೊತ್ತಿರುವ ಉದಾಹರಣೆ ಅರಿಶಿನದ ಕರ್ಕ್ಯುಮಿನ್. ಫಾರ್ವರ್ಡುಗಳಲ್ಲಿ ಇದಕ್ಕಿಂತ ಹೆಚ್ಚು ಹೊಗಳಿಕೆ ಪಡೆದ ಅಣು ಇನ್ನೊಂದಿರಲಿಕ್ಕಿಲ್ಲ. ನಳಿಕೆಯಲ್ಲಿ ಇದು ಹತ್ತಾರು ಪ್ರೋಟೀನುಗಳಿಗೆ ಅಂಟಿದಂತೆ ತೋರುತ್ತದೆ, ಅದಕ್ಕೇ ಸಾವಿರಾರು ಲೇಖನಗಳು ಬಂದಿವೆ. 2017ರಲ್ಲಿ ಕ್ಯಾಥರಿನ್ ನೆಲ್ಸನ್ ಮತ್ತು ಸಂಗಡಿಗರು ಈ ರಾಶಿಯನ್ನು ಕೂಲಂಕಷವಾಗಿ ಪರಿಶೀಲಿಸಿ ಒಂದು ಲೇಖನ ಬರೆದರು. ಕರ್ಕ್ಯುಮಿನ್ ನೀರಿನಲ್ಲಿ ಬೇಗ ಒಡೆಯುತ್ತದೆ, ಗುಂಪುಗಟ್ಟುತ್ತದೆ, ತಾನೇ ಹೊಳೆಯುವುದರಿಂದ ಬೆಳಕು ಆಧರಿಸಿದ ಪರೀಕ್ಷೆಗಳನ್ನು ದಾರಿ ತಪ್ಪಿಸುತ್ತದೆ, ಹೊಟ್ಟೆಗೆ ತೆಗೆದುಕೊಂಡರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ ಎಂದು ತೋರಿಸಿದರು. ಸರಿಯಾದ ಹೋಲಿಕೆ ಇಟ್ಟು ಮನುಷ್ಯರ ಮೇಲೆ ಮಾಡಿದ ಪ್ರಯೋಗಗಳಲ್ಲಿ ಅದು ಗೆದ್ದ ಉದಾಹರಣೆ ಇಲ್ಲ ಎಂಬುದೂ ಅವರ ತೀರ್ಮಾನವಾಗಿತ್ತು.

ಹಾಗೆಂದು ಸಾರಿಗೆ ಅರಿಶಿನ ಹಾಕುವುದನ್ನು ಬಿಡಬೇಕಿಲ್ಲ. ಕ್ಯಾನ್ಸರ್ ಚಿಕಿತ್ಸೆಯನ್ನು ಬಿಟ್ಟು ಅರಿಶಿನ ತಿನ್ನುವುದು ಮಾತ್ರ ಜೀವಕ್ಕೇ ಕುತ್ತು.

ಅಂಟಿದ ಮೇಲಿನ ಹಾದಿ

ನಿಜವಾಗಿ ಅಂಟಿದ ಅಣುವಿಗಾದರೂ ಹಾದಿ ಎಷ್ಟು ಉದ್ದ? ರಕ್ತದ ಕ್ಯಾನ್ಸರಿಗೆ ಕೊಡುವ ವೆನೆಟೋಕ್ಲಾಕ್ಸ್ ಕತೆ ಕೇಳಿ. ಇಲ್ಲಿ ಬಳಸಿದ್ದು ಫ್ಲೋರಿನ್ನಿನ ಬದಲು ಪ್ರೋಟೀನಿನಲ್ಲಿರುವ ಸಾರಜನಕದ ನಾದವನ್ನು ಕೇಳುವ ಎನ್‌ಎಂಆರ್. ತತ್ತ್ವ ಒಂದೇ.

ಕೆಲವು ಕ್ಯಾನ್ಸರ್ ಕೋಶಗಳು ಸಾಯಬೇಕಾದಾಗ ಸಾಯುವುದಿಲ್ಲ, ಏಕೆಂದರೆ ಬಿಸಿಎಲ್ ಕುಟುಂಬದ ಪ್ರೋಟೀನುಗಳು ಅವನ್ನು ಕಾಯುತ್ತಿರುತ್ತವೆ. ಅಮೆರಿಕದ ಅಬಾಟ್ ಕಂಪನಿಯ ವಿಜ್ಞಾನಿಗಳು ಇಂತಹ ಒಂದು ಪ್ರೋಟೀನಿನ ಅಕ್ಕಪಕ್ಕದ ಎರಡು ಗುಳಿಗಳಿಗೆ ಅಂಟುವ ಎರಡು ಪುಟ್ಟ ಅಣುತುಣುಕುಗಳನ್ನು ಎನ್‌ಎಂಆರ್‌ನಿಂದ ಕಂಡುಕೊಂಡರು. ಎರಡೂ ತೀರಾ ದುರ್ಬಲ. ಅವನ್ನು ಜೋಡಿಸಿ, ತಿದ್ದಿ, ಲಕ್ಷಗಟ್ಟಲೆ ಪಟ್ಟು ಬಿಗಿಯಾಗಿ ಅಂಟುವ ಅಣುವನ್ನು ತಯಾರಿಸಿ 2005ರಲ್ಲಿ ಪ್ರಕಟಿಸಿದರು. ಅದು ಅಂಟಿತು, ಪ್ರಾಣಿಗಳಲ್ಲಿ ಕೆಲಸವನ್ನೂ ಮಾಡಿತು. ಆದರೆ ಬಾಯಿಯಿಂದ ತೆಗೆದುಕೊಂಡರೆ ರಕ್ತಕ್ಕೆ ಸೇರುತ್ತಿರಲಿಲ್ಲ.

ಅದನ್ನು ಬದಲಿಸಿ ನುಂಗಬಹುದಾದ ಅಣು ಮಾಡಿದರು. ಈಗ ಹೊಸ ತೊಂದರೆ. ಅದು ಅಂಟುತ್ತಿದ್ದ ಪ್ರೋಟೀನುಗಳಲ್ಲಿ ಒಂದು ರಕ್ತದ ಪ್ಲೇಟ್‌ಲೆಟ್‌ಗಳು ಬದುಕಿರಲು ಬೇಕಾದದ್ದು. ರೋಗಿಗಳ ಪ್ಲೇಟ್‌ಲೆಟ್ ಸಂಖ್ಯೆ ಕುಸಿಯಿತು. ಮತ್ತೆ ತಿದ್ದಿ, ಆ ಪ್ರೋಟೀನನ್ನು ಬಿಟ್ಟು ಅದರ ಸೋದರ ಪ್ರೋಟೀನಿಗೆ ಮಾತ್ರ ಅಂಟುವಂತೆ ಮಾಡಿದರು. ಅದೇ ವೆನೆಟೋಕ್ಲಾಕ್ಸ್. 2016ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು.

ಬಿಗಿಯಾಗಿ ಅಂಟುವ ಅಣು ಕೈಗೆ ಸಿಕ್ಕ ಮೇಲೂ ಹನ್ನೊಂದು ವರ್ಷ ಬೇಕಾಯಿತು. ಇದು ಗೆದ್ದ ಕತೆ. ಸೋತ ಅಣುಗಳೇ ಹೆಚ್ಚು.

ಸೋಲಿನ ಒಂದು ಉದಾಹರಣೆಯನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. 2020ರಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆಗೆ ಔಷಧದ ಅಂಗಡಿಗಳಲ್ಲಿ ಜನ ಮುಗಿಬಿದ್ದರು. ಕೋತಿಯ ಮೂತ್ರಪಿಂಡದಿಂದ ಬೆಳೆಸಿದ ಕೋಶಗಳಲ್ಲಿ ಅದು ಕೊರೊನಾ ವೈರಸ್ಸನ್ನು ತಡೆದದ್ದು ನಿಜ. ಆದರೆ ಮನುಷ್ಯನ ಶ್ವಾಸಕೋಶದ ಕೋಶಗಳಲ್ಲಿ ನೋಡಿದಾಗ ತಡೆಯಲಿಲ್ಲ. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದ್ದ 1,561 ರೋಗಿಗಳಿಗೆ ಅದನ್ನು ಕೊಟ್ಟರು, 3,155 ಮಂದಿಗೆ ಮಾಮೂಲಿ ಚಿಕಿತ್ಸೆ ಮಾತ್ರ. 28 ದಿನಗಳಲ್ಲಿ ಮೊದಲ ಗುಂಪಿನಲ್ಲಿ ಶೇ. 27, ಎರಡನೆಯದರಲ್ಲಿ ಶೇ. 25 ಮಂದಿ ತೀರಿಕೊಂಡರು. ಮಾತ್ರೆಯಿಂದ ಜೀವ ಉಳಿಯಲಿಲ್ಲ. ಅದೇ ಹೊತ್ತಿಗೆ, ಲೂಪಸ್‌ನಂತಹ ಕಾಯಿಲೆಗೆ ನಿಜವಾಗಿ ಅದು ಬೇಕಾಗಿದ್ದವರು ಸಿಗದೆ ಪರದಾಡಿದರು.

"ಮಾತ್ರೆಯಲ್ಲಿ ಫ್ಲೋರಿನ್ ವಿಷ ಇದೆ" ಎಂಬ ಸಂದೇಶ

ಫ್ಲೋರಿನ್ನಿನ ಮಾತು ಬಂದಿರುವುದರಿಂದ ಇನ್ನೊಂದು ಬಗೆಯ ಫಾರ್ವರ್ಡನ್ನೂ ನೋಡಿಬಿಡೋಣ. ಇಂದು ಬಳಕೆಯಲ್ಲಿರುವ ಔಷಧಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಫ್ಲೋರಿನ್ ಇದೆ: ಕೊಲೆಸ್ಟ್ರಾಲಿನ ಅಟೋರ್ವಾಸ್ಟಾಟಿನ್, ಸಕ್ಕರೆ ಕಾಯಿಲೆಯ ಸಿಟಾಗ್ಲಿಪ್ಟಿನ್, ಖಿನ್ನತೆಯ ಫ್ಲೂಆಕ್ಸೆಟಿನ್, ಎಚ್‌ಐವಿಯ ಡೊಲುಟೆಗ್ರಾವಿರ್, ಸೋಂಕಿನ ಸಿಪ್ರೊಫ್ಲಾಕ್ಸಾಸಿನ್. ಅಣು ಪ್ರೋಟೀನಿನಲ್ಲಿ ಇನ್ನಷ್ಟು ಬಿಗಿಯಾಗಿ ಕೂರಲು, ದೇಹದಲ್ಲಿ ಬೇಗ ಒಡೆಯದೆ ಉಳಿಯಲು ಫ್ಲೋರಿನ್ ಸಹಾಯ ಮಾಡುವುದರಿಂದ ಅದನ್ನು ಸೇರಿಸುತ್ತಾರೆ.

ಕರ್ನಾಟಕದ ಜನರಿಗೆ ಈ ಹೆಸರು ಕೇಳಿ ಭಯವಾಗುವುದಕ್ಕೆ ಕಾರಣವಿದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲು ಕಂದಿದವರನ್ನೂ ಮೂಳೆ ಸೊಟ್ಟಗಾದವರನ್ನೂ ನಾವು ನೋಡಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಆ ಮಿತಿಯ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದರೆ 3 ಮಿಲಿಗ್ರಾಂ ಫ್ಲೋರೈಡ್ ಒಳಗೆ ಹೋಗುತ್ತದೆ.

ಸಿಪ್ರೊಫ್ಲಾಕ್ಸಾಸಿನ್ 500 ಮಿಲಿಗ್ರಾಂ ಮಾತ್ರೆಯಲ್ಲಿ ಲೆಕ್ಕ ಹಾಕಿದರೆ ಸುಮಾರು 29 ಮಿಲಿಗ್ರಾಂ ಫ್ಲೋರಿನ್ ಇದೆ. ಹಾಗಾದರೆ ನೀರಿಗಿಂತ ಮಾತ್ರೆಯೇ ಅಪಾಯವೇ? ಇಲ್ಲ. ನೀರಿನ ಫ್ಲೋರೈಡ್ ಬಿಡಿಯಾದ ಅಯಾನು, ಮೂಳೆಗೆ ನೇರವಾಗಿ ಸೇರುತ್ತದೆ. ಮಾತ್ರೆಯ ಫ್ಲೋರಿನ್ ಇಂಗಾಲಕ್ಕೆ ಬಲವಾಗಿ ಬೆಸೆದುಕೊಂಡಿರುತ್ತದೆ. ರಸಾಯನವಿಜ್ಞಾನದ ಅತ್ಯಂತ ಗಟ್ಟಿ ಬೆಸುಗೆಗಳಲ್ಲಿ ಅದೂ ಒಂದು. ಸಿಪ್ರೊಫ್ಲಾಕ್ಸಾಸಿನ್ನಿನ ಹೆಚ್ಚಿನ ಭಾಗ ಬದಲಾಗದೆ ಮೂತ್ರ, ಮಲಗಳಲ್ಲಿ ಹೊರಹೋಗುತ್ತದೆ. ಕ್ಲೋರಿನ್ ವಿಷಾನಿಲ, ಅದೇ ಕ್ಲೋರಿನ್ ಸೋಡಿಯಂ ಜೊತೆ ಸೇರಿದರೆ ಅಡುಗೆಯ ಉಪ್ಪು. ಯಾವ ಧಾತು ಇದೆ ಎನ್ನುವುದಕ್ಕಿಂತ ಅದು ಯಾವ ರೂಪದಲ್ಲಿದೆ ಎನ್ನುವುದು ಮುಖ್ಯ.

ಅಪವಾದಗಳೂ ಇವೆ. ಶಿಲೀಂಧ್ರ ಸೋಂಕಿಗೆ ಕೊಡುವ ವೊರಿಕೊನಜೋಲ್ ಅನ್ನು ತಿಂಗಳುಗಟ್ಟಲೆ ತೆಗೆದುಕೊಂಡ ಕೆಲವರಲ್ಲಿ ಫ್ಲೋರೈಡ್ ಬಿಡುಗಡೆಯಾಗಿ ಮೂಳೆನೋವು ಬಂದದ್ದು ದಾಖಲಾಗಿದೆ. ಸಿಪ್ರೊಫ್ಲಾಕ್ಸಾಸಿನ್ನಿಗೂ ಸ್ನಾಯುರಜ್ಜುಗಳಿಗೆ ಸಂಬಂಧಿಸಿದ ಅಡ್ಡಪರಿಣಾಮಗಳಿವೆ, ಆದ್ದರಿಂದಲೇ ಅದನ್ನು ವೈದ್ಯರನ್ನು ಕೇಳದೆ ನುಂಗಬಾರದು. ಆದರೆ "ಫ್ಲೋರಿನ್ ಇದೆ, ಆದ್ದರಿಂದ ವಿಷ" ಎಂದು ಹೃದಯಾಘಾತವಾದವರು ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಿದರೆ ಇನ್ನೊಂದು ಹೃದಯಾಘಾತದ ಅಪಾಯ ಹೆಚ್ಚುತ್ತದೆ.

ಮುಂದಿನ ಫಾರ್ವರ್ಡ್ ಬಂದಾಗ

"ಇದು ಆ ಪ್ರೋಟೀನಿಗೆ ಅಂಟುತ್ತದೆ" ಎಂಬ ಸಂದೇಶ ಮತ್ತೆ ಬಂದರೆ ಹಂಚುವ ಮೊದಲು ಈ ಐದು ಪ್ರಶ್ನೆ ಕೇಳಿ ನೋಡಿ.

ಅಂಟಿದ್ದು ಕಂಪ್ಯೂಟರಿನ ಚಿತ್ರದಲ್ಲೋ, ನಿಜವಾದ ನಳಿಕೆಯಲ್ಲೋ? ನಳಿಕೆಯಲ್ಲಾದರೆ, ಇನ್ನೊಂದು ವಿಧಾನದಿಂದಲೂ ಅದನ್ನು ಪರೀಕ್ಷಿಸಿದ್ದಾರೆಯೇ? ಅಂಟಲು ಬೇಕಾದಷ್ಟು ಪ್ರಮಾಣ ನಾವು ತಿಂದಾಗ ರಕ್ತದಲ್ಲಿ ಸೇರುತ್ತದೆಯೇ? ಬೇಡವಾದ ಬೇರೆ ಪ್ರೋಟೀನುಗಳಿಗೂ ಅಂಟುತ್ತದೆಯೇ? ಕೊನೆಯದಾಗಿ, ಮನುಷ್ಯರಿಗೆ ಕೊಟ್ಟು, ಕೊಡದವರ ಜೊತೆ ಹೋಲಿಸಿ ನೋಡಿದ್ದಾರೆಯೇ?

ಹೆಚ್ಚಿನ ಸಂದೇಶಗಳು ಮೊದಲ ಪ್ರಶ್ನೆಯಲ್ಲೇ ನಿಂತುಬಿಡುತ್ತವೆ. ಉತ್ತರ ಸಿಗದಿದ್ದರೆ ಕಳಿಸಿದವರ ಜೊತೆ ಜಗಳಕ್ಕೆ ಇಳಿಯಬೇಕಿಲ್ಲ. ಕಳಿಸಿದ್ದು ನಿಮ್ಮ ಚಿಕ್ಕಪ್ಪನೋ ಅತ್ತೆಯೋ ಆಗಿರಬಹುದು, ಮನಸ್ಸಿನಲ್ಲಿ ಒಳ್ಳೆಯದೇ ಇರುತ್ತದೆ. "ಇದು ಇನ್ನೂ ಗಾಜಿನ ನಳಿಕೆಯಲ್ಲೇ ಇದೆಯಂತೆ, ನಿಮ್ಮ ಮಾತ್ರೆ ಮಾತ್ರ ನಿಲ್ಲಿಸಬೇಡಿ" ಎಂದು ಒಂದು ಸಾಲು ಬರೆದರೆ ಸಾಕು.